ಕಾಸರಗೋಡಿನಿಂದ ರಾಯಭಾರ ಕಚೇರಿಗೆ: ವಿದೇಶಾಂಗ ಸೇವೆ ಸೇರುವ ದಾರಿ

ರಾಯಭಾರಿ ಹುದ್ದೆಗೆ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮೇಲಿನ ರ‍್ಯಾಂಕ್ ತೆಗೆದು, ಭಾರತೀಯ ವಿದೇಶಾಂಗ ಸೇವೆ ಸೇರಿ, ಮೂರನೇ ಕಾರ್ಯದರ್ಶಿಯಾಗಿ ಶುರುಮಾಡಿ, ಹದಿನೈದಿಪ್ಪತ್ತು ವರ್ಷ ದುಡಿದವರನ್ನು ಸರಕಾರವೇ ಆರಿಸಿ ಆ ಹುದ್ದೆಗೆ ಕಳಿಸುತ್ತದೆ. ರಾಜಕೀಯ ನೇಮಕ ಎಂಬ ಇನ್ನೊಂದು ದಾರಿಯೂ ಇದೆ. 1947ರಲ್ಲಿ ವಿಜಯಲಕ್ಷ್ಮಿ ಪಂಡಿತರು, ಅವರ ಬಳಿಕ 1949ರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಮಾಸ್ಕೋಗೆ ಹೋದದ್ದು ಹಾಗೆ. ಆ ದಾರಿಗೆ ತಯಾರಿ ಎಂಬುದಿಲ್ಲ, ಅದನ್ನು ಇಲ್ಲಿಗೇ ಬಿಡೋಣ.

ಸೀಟುಗಳು ಕಡಿಮೆ. 2022ರ ಪರೀಕ್ಷೆಯಲ್ಲಿ ಈ ಸೇವೆಗೆ 38, 2023ರಲ್ಲಿ 37, 2024ರಲ್ಲಿ 55 ಹುದ್ದೆಗಳಿದ್ದವು. ಇಡೀ ದೇಶಕ್ಕೆ ಇಷ್ಟೇ. ಹಾಗಾಗಿ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯಿಂದ ಹೊರಡುವ ವಿದ್ಯಾರ್ಥಿ ಎರಡು ಕೆಲಸ ಒಟ್ಟಿಗೆ ಮಾಡಬೇಕು: ರ‍್ಯಾಂಕ್‌ಗಾಗಿ ಓದುವುದು, ಗಡಿಯವರಿಗೆ ಮಾತ್ರ ಬರುವ ತೊಡಕುಗಳನ್ನು ಮೊದಲೇ ಬಿಡಿಸಿಕೊಳ್ಳುವುದು. ಎರಡನೆಯದನ್ನು ಯಾವ ಕೋಚಿಂಗ್ ಸೆಂಟರೂ ಹೇಳಿಕೊಡುವುದಿಲ್ಲ. ಅದರಿಂದಲೇ ಶುರುಮಾಡುವುದು ಒಳ್ಳೆಯದು.

ಮೊದಲು ಕಾಗದಪತ್ರ

ಯುಪಿಎಸ್‌ಸಿ ಅರ್ಜಿಯಲ್ಲಿ ಹೆಸರು ಮತ್ತು ಹುಟ್ಟಿದ ದಿನಾಂಕ ಹತ್ತನೇ ತರಗತಿಯ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಇರಬೇಕು. ಕಾಸರಗೋಡಿನ ಕನ್ನಡಿಗರಿಗೆ ಎಡವಟ್ಟಾಗುವುದು ಇಲ್ಲೇ. ಶಾಲೆಯಲ್ಲಿ ಕನ್ನಡದಲ್ಲಿ ಬರೆಸಿದ ಹೆಸರು ಮಲಯಾಳದ ದಾಖಲೆಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಅಕ್ಷರ ಬದಲಾಗಿರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಮನೆ ಹೆಸರಿನ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅದೇ ಪೂರ್ತಿಯಾಗಿ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ. ಊರಿನ ಹೆಸರೂ ಹಾಗೇ: ಮಂಜೇಶ್ವರ ಒಂದು ದಾಖಲೆಯಲ್ಲಿ, ಮಂಜೇಶ್ವರಂ ಇನ್ನೊಂದರಲ್ಲಿ. ಒಮ್ಮೆ ನೋಂದಾಯಿಸಿದ ವಿವರ ಆಮೇಲೆ ಬದಲಾಯಿಸುವುದು ಕಷ್ಟ. ಪದವಿಯ ಎರಡನೇ ವರ್ಷದಲ್ಲೇ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ, ಆಧಾರ್, ಪದವಿ ಅಂಕಪಟ್ಟಿ, ಪಾಸ್‌ಪೋರ್ಟ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ನೋಡಿ. ತಿದ್ದುವುದಿದ್ದರೆ ಎಸ್‌ಎಸ್‌ಎಲ್‌ಸಿಗೆ ಉಳಿದವನ್ನು ಹೊಂದಿಸಿ. ಎಸ್‌ಎಸ್‌ಎಲ್‌ಸಿಯನ್ನೇ ತಿದ್ದಲು ಹೊರಟರೆ ಕೇರಳದ ಎಸ್‌ಎಸ್‌ಎಲ್‌ಸಿ ನಡೆಸುವ ಪರೀಕ್ಷಾ ಭವನದ ಓಡಾಟದಲ್ಲಿ ವರ್ಷ ಕಳೆದೀತು.

ಇನ್ನೊಂದು ತೊಡಕು ಜಾತಿ ಪ್ರಮಾಣಪತ್ರ. ಕೇಂದ್ರದ ಒಬಿಸಿ ಪಟ್ಟಿ, ಎಸ್‌ಸಿ ಎಸ್‌ಟಿ ಪಟ್ಟಿ ಎಲ್ಲವೂ ರಾಜ್ಯವಾರು. ರಾಜ್ಯದ ಗಡಿಯಾದ ತಲಪಾಡಿಯ ಆಚೆ ಒಂದು ವರ್ಗದಲ್ಲಿರುವ ಸಮುದಾಯ ಈಚೆ ಬೇರೆ ವರ್ಗದಲ್ಲಿರಬಹುದು, ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ನೀವು ಕೇರಳದ ಖಾಯಂ ನಿವಾಸಿಯಾದರೆ ನೋಡಬೇಕಾದದ್ದು ಕೇರಳಕ್ಕೆ ಸಂಬಂಧಿಸಿದ ಕೇಂದ್ರ ಪಟ್ಟಿ. ಮಂಗಳೂರಿನಲ್ಲಿರುವ ಚಿಕ್ಕಪ್ಪನ ಮಕ್ಕಳ ಪ್ರಮಾಣಪತ್ರ ನೋಡಿ ಅರ್ಜಿ ತುಂಬಬೇಡಿ. ಒಬಿಸಿಯ ಅನುಕೂಲಸ್ಥ ಪದರಕ್ಕೆ ಸೇರಿಲ್ಲ ಎನ್ನುವ, ಕೇಂದ್ರ ಸರಕಾರದ ನಮೂನೆಯ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರವನ್ನು ತಹಶೀಲ್ದಾರರು ಕೊಡುತ್ತಾರೆ. ಕೇರಳದ ಆನ್‌ಲೈನ್ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗ ಕೇಂದ್ರ ಸರಕಾರದ ಉದ್ದೇಶಕ್ಕೆ ಎಂದು ಹೇಳಿಯೇ ಹಾಕಿಸಿ. ರಾಜ್ಯದ ಉದ್ದೇಶದ ಪ್ರಮಾಣಪತ್ರ ಕೈಗೆ ಬಂದರೆ ಅದು ಯುಪಿಎಸ್‌ಸಿಗೆ ಆಗದು. ಪ್ರಮಾಣಪತ್ರದ ದಿನಾಂಕ ಅರ್ಜಿಯ ಕೊನೆಯ ದಿನದೊಳಗೆ ಇರಬೇಕು. ವರಮಾನದ ಮಿತಿ 8 ಲಕ್ಷ ಎಂದು ಕೇಳಿ ಹಿಂದೆ ಸರಿಯುವವರೂ ಇದ್ದಾರೆ. ಆ ಲೆಕ್ಕಕ್ಕೆ ಸಂಬಳ ಮತ್ತು ಕೃಷಿ ಆದಾಯ ಸೇರುವುದಿಲ್ಲ, ರಬ್ಬರಿನಂಥ ಪ್ಲಾಂಟೇಶನ್ ಬೆಳೆಯ ಆದಾಯ ಸೇರುತ್ತದೆ.

ಪರೀಕ್ಷೆ

ಅರ್ಹತೆ ಚಿಕ್ಕದು. ಯಾವುದಾದರೂ ಪದವಿ ಸಾಕು, ಕೊನೆಯ ವರ್ಷದಲ್ಲಿರುವವರೂ ಮೊದಲ ಹಂತವಾದ ಪ್ರಿಲಿಮ್ಸ್ ಬರೆಯಬಹುದು. ಪರೀಕ್ಷೆಯ ವರ್ಷದ ಆಗಸ್ಟ್ 1ಕ್ಕೆ 21 ತುಂಬಿರಬೇಕು, 32 ತುಂಬಿರಬಾರದು. ಒಬಿಸಿಗೆ 3 ವರ್ಷ, ಎಸ್‌ಸಿ ಎಸ್‌ಟಿಗೆ 5 ವರ್ಷ ರಿಯಾಯಿತಿ. ಸಾಮಾನ್ಯ ವರ್ಗಕ್ಕೆ 6 ಸಲ, ಒಬಿಸಿಗೆ 9 ಸಲ ಬರೆಯಲು ಅವಕಾಶ, ಎಸ್‌ಸಿ ಎಸ್‌ಟಿಗೆ ವಯಸ್ಸಿನ ಮಿತಿಯೊಳಗೆ ಎಷ್ಟು ಸಲವಾದರೂ ಸರಿ. ಪ್ರಿಲಿಮ್ಸ್‌ನ ಒಂದು ಪೇಪರಿಗೆ ಕೂತರೂ ಒಂದು ಅವಕಾಶ ಹೋಯಿತೆಂದೇ ಲೆಕ್ಕ. ಸುಮ್ಮನೆ ನೋಡಿಬರೋಣ ಎಂದು ಹೋಗಬೇಡಿ.

ಐಎಫ್‌ಎಸ್ ಎಂಬ ಹೆಸರಿನಲ್ಲಿ ಎರಡು ಸೇವೆಗಳಿವೆ, ಒಂದು ಈ ವಿದೇಶಾಂಗ ಸೇವೆ, ಇನ್ನೊಂದು ಅರಣ್ಯ ಸೇವೆ. ಎರಡಕ್ಕೂ ಪ್ರಿಲಿಮ್ಸ್ ಒಂದೇ, ಮುಂದಿನ ಪರೀಕ್ಷೆ ಬೇರೆ. ಅರ್ಜಿಯಲ್ಲಿ ಗುರುತು ಹಾಕುವಾಗ ನೋಡಿ ಹಾಕಿ.

ಪ್ರಿಲಿಮ್ಸ್‌ನಲ್ಲಿ ತಲಾ 200 ಅಂಕಗಳ ಎರಡು ಪೇಪರ್, ತಲಾ 2 ಗಂಟೆ. ಸಾಮಾನ್ಯ ಅಧ್ಯಯನದಲ್ಲಿ 100 ಪ್ರಶ್ನೆ, ಓದಿ ಗ್ರಹಿಸುವ ಮತ್ತು ಲೆಕ್ಕದ ಸಾಮರ್ಥ್ಯ ನೋಡುವ ಸಿಸ್ಯಾಟ್‌ನಲ್ಲಿ 80. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಡಿತ. ಸಿಸ್ಯಾಟ್‌ನಲ್ಲಿ ಶೇ. 33, ಅಂದರೆ 66 ಅಂಕ ಬಂದರೆ ಸಾಕು, ಅದು ರ‍್ಯಾಂಕಿಗೆ ಸೇರುವುದಿಲ್ಲ. ಆದರೆ ಕನ್ನಡ ಮಾಧ್ಯಮದ ಮಕ್ಕಳು ಬೀಳುವುದು ಹೆಚ್ಚಾಗಿ ಈ 66ರಲ್ಲೇ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲೂ ಇಲ್ಲ, ಮಲಯಾಳದಲ್ಲೂ ಇಲ್ಲ. ಸಿಸ್ಯಾಟ್‌ನ ಇಂಗ್ಲಿಷ್ ಗದ್ಯಭಾಗ ಓದುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಇದಕ್ಕೆ ಮದ್ದು ಒಂದೇ: ಹಳೆಯ ಪ್ರಶ್ನೆಪತ್ರಿಕೆಗಳ ಗದ್ಯಭಾಗಗಳನ್ನು ದಿನಕ್ಕೆ ಎರಡರಂತೆ ಗಡಿಯಾರ ಇಟ್ಟು ಓದುವುದು, ಜೊತೆಗೆ ಶೇಕಡಾವಾರು, ಅನುಪಾತ, ಸಂಖ್ಯಾಸರಣಿಯ ಲೆಕ್ಕಗಳನ್ನು ಹತ್ತನೇ ತರಗತಿಯ ಮಟ್ಟದಲ್ಲಿ ಗಟ್ಟಿಮಾಡಿಕೊಳ್ಳುವುದು. ಗಣಿತದಲ್ಲಿ ಗೆಲ್ಲುವವರಿಗೆ ಗದ್ಯಭಾಗದ ಹೆದರಿಕೆ ಅರ್ಧ ಇಳಿಯುತ್ತದೆ.

ಪ್ರಿಲಿಮ್ಸ್‌ಗೆ ಕೋಝಿಕ್ಕೋಡ್, ಕೊಚ್ಚಿ ಅಥವಾ ಮೈಸೂರು, ಬೆಂಗಳೂರು ಹೀಗೆ ಗಡಿಯ ಯಾವ ಕಡೆಯ ಕೇಂದ್ರ ಬೇಕಾದರೂ ಆರಿಸಬಹುದು. ಮೊದಲು ಅರ್ಜಿ ಹಾಕಿದವರಿಗೆ ಮೊದಲು ಹಂಚುವ ಪದ್ಧತಿ. ಕೊನೆಯ ದಿನದವರೆಗೆ ಕಾದರೆ ದೂರದ ಕೇಂದ್ರ ಸಿಗುತ್ತದೆ.

ಪ್ರಿಲಿಮ್ಸ್ ಗೆದ್ದವರು ಬರೆಯುವ ಮೇನ್ಸ್‌ನಲ್ಲಿ ಒಂಬತ್ತು ಪೇಪರ್. ಅವುಗಳಲ್ಲಿ ಎರಡು ಪಾಸಾದರೆ ಸಾಕಾಗುವ ಭಾಷಾ ಪೇಪರ್‌ಗಳು, ತಲಾ 300 ಅಂಕ, ತಲಾ ಶೇ. 25 ಬೇಕು: ಒಂದು ಭಾರತೀಯ ಭಾಷೆ, ಒಂದು ಇಂಗ್ಲಿಷ್. ಉಳಿದ ಏಳು ರ‍್ಯಾಂಕಿಗೆ ಸೇರುತ್ತವೆ, ತಲಾ 250ರಂತೆ ಒಟ್ಟು 1750: ಪ್ರಬಂಧ, ಸಾಮಾನ್ಯ ಅಧ್ಯಯನ ನಾಲ್ಕು, ಐಚ್ಛಿಕ ವಿಷಯ ಎರಡು. ಸಂದರ್ಶನಕ್ಕೆ 275. ಎಲ್ಲ ಸೇರಿ 2025.

ಭಾಷಾ ಪೇಪರನ್ನು ಹಗುರವಾಗಿ ನೋಡುವ ಅಭ್ಯಾಸ ಅಪಾಯಕಾರಿ. ಅದರಲ್ಲಿ ಬಿದ್ದರೆ ಉಳಿದ ಏಳು ಉತ್ತರಪತ್ರಿಕೆಗಳ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಪ್ರಬಂಧಕ್ಕೆ 100, ಗದ್ಯಭಾಗಕ್ಕೆ 60, ಸಾರಾಂಶಕ್ಕೆ 60, ಎರಡೂ ಕಡೆಯ ಅನುವಾದಕ್ಕೆ 20 ಮತ್ತು 20, ವ್ಯಾಕರಣ ಮತ್ತು ಪದಬಳಕೆಗೆ 40 ಅಂಕ. ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ ಮಾತಾಡಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡವನ್ನು ಎಂಟನೇ ತರಗತಿಗೇ ಬಿಟ್ಟವರು ಕನ್ನಡ ಬರುತ್ತದಲ್ಲ ಎಂದು ಧೈರ್ಯದಿಂದ ಕೂತು ಸಾರಾಂಶದಲ್ಲಿ ಮುಗ್ಗರಿಸುತ್ತಾರೆ. ಕೈಯಲ್ಲಿ ಬರೆದು ವರ್ಷಗಳಾಗಿರುತ್ತವೆ, ಒತ್ತಕ್ಷರವೇ ನೆನಪಿಗೆ ಬಾರದು. ಕನ್ನಡವೋ ಮಲಯಾಳವೋ ಎಂಬ ಆಯ್ಕೆ ನಿಮ್ಮದು. ಯಾವುದರಲ್ಲಿ ನಿಲ್ಲಿಸದೆ ನಾಲ್ಕು ಪುಟ ಬರೆಯಬಲ್ಲಿರೋ ಅದನ್ನು ಆರಿಸಿ.

ಉಳಿದ ಪೇಪರ್‌ಗಳನ್ನು ಕನ್ನಡದಲ್ಲಿ ಬರೆಯಬೇಕೇ ಎಂಬುದು ದೊಡ್ಡ ಪ್ರಶ್ನೆ. ನಿಯಮ ಪೂರ್ತಿ ಅವಕಾಶ ಕೊಡುತ್ತದೆ: ಸಾಮಾನ್ಯ ಅಧ್ಯಯನ ಮತ್ತು ಪ್ರಬಂಧ ಕನ್ನಡದಲ್ಲಿ, ಬೇಕಿದ್ದರೆ ಐಚ್ಛಿಕ ವಿಷಯ ಮಾತ್ರ ಇಂಗ್ಲಿಷಿನಲ್ಲಿ. ಸಂದರ್ಶನವೂ ಕನ್ನಡದಲ್ಲಿ ಆಗಬಹುದು. ಪಾರಿಭಾಷಿಕ ಪದಗಳಿಗೆ ಪಕ್ಕದಲ್ಲಿ ಇಂಗ್ಲಿಷ್ ರೂಪ ಬರೆಯಬಹುದು, ಅದನ್ನೇ ನೆಪಮಾಡಿ ಅರ್ಧ ಉತ್ತರ ಇಂಗ್ಲಿಷಿನಲ್ಲಿ ಬರೆದರೆ ಅಂಕ ಕಡಿಯುತ್ತಾರೆ. ಪ್ರಶ್ನೆ ಮಾತ್ರ ಇಲ್ಲೂ ಇಂಗ್ಲಿಷ್ ಮತ್ತು ಹಿಂದಿಯಲ್ಲೇ. ಸಾಮಾನ್ಯ ಅಧ್ಯಯನದ ಮೊದಲ ಮೂರು ಪೇಪರ್‌ಗಳಲ್ಲಿ ಒಂದೊಂದರಲ್ಲೂ 3 ಗಂಟೆಗೆ 20 ಉತ್ತರ: 10 ಅಂಕದವು ಹತ್ತು, 150 ಪದ, 15 ಅಂಕದವು ಹತ್ತು, 250 ಪದ. ಒಂದು ಉತ್ತರಕ್ಕೆ ಸರಾಸರಿ 9 ನಿಮಿಷ. ಇಂಗ್ಲಿಷ್ ಪ್ರಶ್ನೆ ಓದಿ, ಕನ್ನಡದಲ್ಲಿ ಯೋಚಿಸಿ ಬರೆಯುವ ಓಟ ಎರಡು ವರ್ಷದ ಅಭ್ಯಾಸವಿಲ್ಲದೆ ಬರುವುದಿಲ್ಲ.

ನಮ್ಮ ಅಭಿಪ್ರಾಯ ಹೀಗೆ. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳುವವರು, ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಓದಿದವರು, ಸಾಮಾನ್ಯ ಅಧ್ಯಯನವನ್ನೂ ಕನ್ನಡದಲ್ಲೇ ಬರೆದರೆ ನಷ್ಟವಿಲ್ಲ. ವಿದೇಶಾಂಗ ಸೇವೆಯೇ ಮೊದಲ ಗುರಿ ಎನ್ನುವವರು ಮಾತ್ರ ಇಂಗ್ಲಿಷ್ ಬರವಣಿಗೆಯನ್ನು ಪರೀಕ್ಷೆಯ ನಂತರ ನೋಡಿಕೊಳ್ಳೋಣ ಎಂದು ಬಿಡಬಾರದು. ಕೆಲಸ ಸೇರಿದ ದಿನದಿಂದ ಟಿಪ್ಪಣಿ, ವರದಿ, ಕರಡು ಒಪ್ಪಂದ ಎಲ್ಲವೂ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಅಂತರರಾಷ್ಟ್ರೀಯ ಸಂಬಂಧಗಳನ್ನು ಕ್ರಮವಾಗಿ ಓದಬೇಕೆಂದಿದ್ದರೆ ದಿಲ್ಲಿಗೇ ಹೋಗಬೇಕೆಂದಿಲ್ಲ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಆ ವಿಭಾಗ ಇದೆ. ಐಚ್ಛಿಕ ವಿಷಯವಾಗಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಆರಿಸಿದರೆ ಸಾಮಾನ್ಯ ಅಧ್ಯಯನದ ಎರಡನೇ ಪೇಪರಿನ ವಿದೇಶಾಂಗ ಭಾಗಕ್ಕೂ ಅದೇ ಓದು ಒದಗುತ್ತದೆ.

ಸಂದರ್ಶನಕ್ಕೆ ಊರಿನ ವಿಷಯವೇ ಬಂಡವಾಳ

ಸಂದರ್ಶನ ದಿಲ್ಲಿಯ ಶಹಜಹಾನ್ ರಸ್ತೆಯ ಧೋಲ್‌ಪುರ ಹೌಸ್‌ನಲ್ಲಿ. ನಿಮ್ಮ ವಿವರವಾದ ಅರ್ಜಿ ಮಂಡಳಿಯ ಕೈಯಲ್ಲಿರುತ್ತದೆ, ಜಿಲ್ಲೆ ಕಾಸರಗೋಡು ಎಂದು ಕಂಡೊಡನೆ ಪ್ರಶ್ನೆ ಅಲ್ಲಿಂದಲೇ ಹುಟ್ಟಬಹುದು. ಮೂರು ವಿಷಯಗಳನ್ನಂತೂ ಚೆನ್ನಾಗಿ ಕಟ್ಟಿಕೊಳ್ಳಿ.

ಎಂಡೋಸಲ್ಫಾನ್ ಎಂಬ ಕೀಟನಾಶಕ ಮೊದಲನೆಯದು. ಎಣ್ಮಕಜೆಯ ಪಡ್ರೆಯಲ್ಲಿ ಕಂಡ ರೋಗಗಳ ಕಥೆ ಎಲ್ಲರಿಗೂ ಗೊತ್ತು. ಅದೇ ವಿಷಯ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ, ಬೇಗ ನಾಶವಾಗದ ವಿಷ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಡಂಬಡಿಕೆಯ ಸಭೆಯಲ್ಲಿ ಹೇಗೆ ಚರ್ಚೆಯಾಯಿತು ಎಂದು ಕೇಳಿದರೆ ನಮ್ಮ ಹುಡುಗರು ಬಾಯಿ ಕಟ್ಟಿ ಕೂರುತ್ತಾರೆ. ಜಾಗತಿಕ ನಿಷೇಧವನ್ನು ಭಾರತ ಮೊದಲು ವಿರೋಧಿಸಿತ್ತು. ಕೊನೆಗೆ ಕೆಲವು ಬೆಳೆ ಮತ್ತು ಕೀಟಗಳಿಗೆ ನಿರ್ದಿಷ್ಟ ಅವಧಿಯ ವಿನಾಯಿತಿ ಪಡೆದು ಒಪ್ಪಿತು. ಮರುತಿಂಗಳು ಸುಪ್ರೀಂ ಕೋರ್ಟ್ ದೇಶದೊಳಗೆ ತಡೆ ಹಾಕಿತು. ಸಭೆಗೆ ಹೋದ ಅಧಿಕಾರಿಯ ಬೆನ್ನಿಗೆ ಒಂದು ಕಡೆ ಕೃಷಿ ಮತ್ತು ಉದ್ಯಮದ ಒತ್ತಡ, ಇನ್ನೊಂದು ಕಡೆ ಕಾಸರಗೋಡಿನ ಮಕ್ಕಳ ಚಿತ್ರ, ಮುಂದೆ ಜಗತ್ತಿನ ಬಹುಮತ. ಅವನ ಜಾಗದಲ್ಲಿ ನೀವಿದ್ದರೆ ಏನು ಬರೆದು ದಿಲ್ಲಿಗೆ ಕಳಿಸುತ್ತಿದ್ದಿರಿ ಎಂಬುದಕ್ಕೆ ಉತ್ತರ ಸಿದ್ಧವಿರಲಿ. ನೋವು ತೋಡಿಕೊಂಡರೆ ಸಾಲದು, ಸರಕಾರದ ನಿಲುವಿನ ಹಿಂದಿನ ಕಾರಣವನ್ನೂ ಹೇಳಬೇಕು.

ಅಡಿಕೆ ಎರಡನೆಯದು. ಆಮದಿನ ಕನಿಷ್ಠ ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ 2023ರ ಫೆಬ್ರವರಿಯಲ್ಲಿ ಏರಿಸಿದ್ದು ಏಕೆ, ನೆರೆ ದೇಶಗಳ ಜೊತೆಗಿನ ಸುಂಕ ರಿಯಾಯಿತಿಯ ದಾರಿಯಲ್ಲಿ ಬೇರೆಡೆ ಬೆಳೆದ ಅಡಿಕೆ ಒಳಬರುವುದನ್ನು, ಯಾವ ದೇಶದ ಸರಕೆಂದು ಹೇಳುವ ಮೂಲದ ಪ್ರಮಾಣಪತ್ರ ಹೇಗೆ ತಡೆಯಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದರ ಪರಿಣಾಮ ಏನು. ತೋಟದ ಮನೆಯ ಮಕ್ಕಳಿಗೆ ಇದರಲ್ಲಿ ಅರ್ಧ ಊಟದ ಹೊತ್ತಿನ ಮಾತು. ಉಳಿದರ್ಧಕ್ಕೆ ವಾಣಿಜ್ಯ ಸಚಿವಾಲಯದ ಅಧಿಸೂಚನೆ ಓದಬೇಕು.

ಮೂರನೆಯದು ಗಡಿ. 1956ರ ರಾಜ್ಯ ಪುನರ್ವಿಂಗಡಣೆ, 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ ವರದಿ. ಇಲ್ಲಿ ಮಂಡಳಿ ನೋಡುವುದು ನಿಮ್ಮ ದನಿ ಏರುತ್ತದೆಯೇ ಎಂದು. ವರದಿ ಏನು ಹೇಳಿತು, ಎರಡೂ ರಾಜ್ಯಗಳ ವಾದ ಏನು, ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ಏನು ಕೊಡುತ್ತವೆ ಎಂದು ಮೂರು ವಾಕ್ಯದಲ್ಲಿ ಹೇಳಿ ನಿಲ್ಲಿಸಿ.

ಸೇವೆಗಳ ಆದ್ಯತೆ ಬರೆಯುವಾಗ ವಿದೇಶಾಂಗ ಸೇವೆಯನ್ನು ಮೊದಲಿಗೆ ಹಾಕಿದರೆ ಏಕೆ ಎಂಬ ಪ್ರಶ್ನೆ ಬರಬಹುದು. ಐಎಎಸ್, ಐಪಿಎಸ್‌ಗೆ ಇರುವಂತೆ ಈ ಸೇವೆಗೆ ರಾಜ್ಯದ ಕೇಡರ್, ಅಂದರೆ ಒಂದು ರಾಜ್ಯಕ್ಕೆ ಹಂಚುವ ಪದ್ಧತಿ, ಇಲ್ಲ. ಕೇರಳವೋ ಕರ್ನಾಟಕವೋ ಎಂಬ ಚಿಂತೆ ಇಲ್ಲಿ ಏಳುವುದಿಲ್ಲ. ಒಮ್ಮೆ ಐಎಎಸ್ ಅಥವಾ ಐಎಫ್‌ಎಸ್‌ಗೆ ನೇಮಕವಾಗಿ ಸೇವೆಯಲ್ಲಿ ಇರುವವರೆಗೆ ಮತ್ತೆ ಈ ಪರೀಕ್ಷೆ ಬರೆಯುವಂತಿಲ್ಲ, ಹಾಗಾಗಿ ಆದ್ಯತೆಯನ್ನು ಮನೆಯವರೊಂದಿಗೆ ಮಾತಾಡಿಯೇ ಬರೆಯಿರಿ.

ತರಬೇತಿ ಮತ್ತು ಭಾಷೆ

ಮಸ್ಸೂರಿಯ ಅಕಾಡೆಮಿಯಲ್ಲಿ ಬೇರೆ ಸೇವೆಗಳವರ ಜೊತೆ ಬುನಾದಿ ಕೋರ್ಸ್, ಆಮೇಲೆ ದಿಲ್ಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆ. 1986ರಲ್ಲಿ ಶುರುವಾದ ಸಂಸ್ಥೆಗೆ ಈ ಹೆಸರು ಬಂದದ್ದು 2020ರಲ್ಲಿ. ಅಂತರರಾಷ್ಟ್ರೀಯ ಕಾನೂನು, ವ್ಯಾಪಾರ, ಶಿಷ್ಟಾಚಾರ, ಸೇನೆಯ ಜೊತೆ ಕೆಲವು ದಿನ, ಜಿಲ್ಲಾಡಳಿತದಲ್ಲಿ ಕೆಲವು ದಿನ, ಸಚಿವಾಲಯದ ಮೇಜಿನಲ್ಲಿ ಕೆಲವು ತಿಂಗಳು. ಆರಂಭದ ಮೂಲವೇತನ ಏಳನೇ ವೇತನ ಆಯೋಗದ ಪ್ರಕಾರ 56,100 ರೂಪಾಯಿ, ಹೊರದೇಶಕ್ಕೆ ಹೋದಾಗ ಆ ಊರಿನ ಖರ್ಚಿಗೆ ತಕ್ಕ ವಿದೇಶ ಭತ್ಯೆ ಬೇರೆ.

ಬಳಿಕ ಒಂದು ವಿದೇಶಿ ಭಾಷೆ ಕಡ್ಡಾಯ: ಅರಬ್ಬಿ, ಚೀನೀ, ರಷ್ಯನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ, ಪರ್ಷಿಯನ್ ಮುಂತಾದವು. ನಿಮ್ಮ ಆಸೆ ಕೇಳುತ್ತಾರೆ, ರ‍್ಯಾಂಕ್ ಮತ್ತು ಸಚಿವಾಲಯದ ಅಗತ್ಯ ನೋಡಿ ಹಂಚುತ್ತಾರೆ. ಆ ಭಾಷೆ ಆಡುವ ದೇಶಕ್ಕೆ ಮೂರನೇ ಕಾರ್ಯದರ್ಶಿಯಾಗಿ ಕಳಿಸಿ ಕಲಿಸುತ್ತಾರೆ, ಪರೀಕ್ಷೆ ಪಾಸಾಗದೆ ನೌಕರಿ ಕಾಯಂ ಆಗುವುದಿಲ್ಲ. ಒಂದೇ ಅಂಗಡಿಯಲ್ಲಿ ತುಳು, ಮಲಯಾಳ, ಕನ್ನಡ, ಬ್ಯಾರಿ ಬದಲಿಸುತ್ತ ವ್ಯವಹರಿಸುವ ಉಪ್ಪಳದವರಿಗೆ ಕಿವಿ ಈಗಾಗಲೇ ಪಳಗಿರುತ್ತದೆ. ಬರವಣಿಗೆಯ ಕಟ್ಟುನಿಟ್ಟು ಮಾತ್ರ ಹೊಸದಾಗಿ ಕಲಿಯಬೇಕಾಗುತ್ತದೆ. ಭಾಷೆಯ ಆಯ್ಕೆ ಇಡೀ ವೃತ್ತಿಯ ದಿಕ್ಕನ್ನು ಗೊತ್ತುಮಾಡುತ್ತದೆ. ಅರಬ್ಬಿ ಕಲಿತವರು ಪಶ್ಚಿಮ ಏಷ್ಯಾಕ್ಕೆ ಮತ್ತೆ ಮತ್ತೆ ಹೋಗುತ್ತಾರೆ.

ರಾಯಭಾರ ಕಚೇರಿಯ ದಿನಚರಿ

ಮೂರನೇ ಕಾರ್ಯದರ್ಶಿ, ಎರಡನೇ ಕಾರ್ಯದರ್ಶಿ, ಮೊದಲ ಕಾರ್ಯದರ್ಶಿ, ಕೌನ್ಸೆಲರ್, ಮಿನಿಸ್ಟರ್ (ಮಂತ್ರಿಯಲ್ಲ, ಕಚೇರಿಯ ಒಂದು ದರ್ಜೆ), ಮೇಲೆ ರಾಯಭಾರಿ. ಕಾಮನ್‌ವೆಲ್ತ್ ದೇಶಗಳಲ್ಲಿ ಅದೇ ಹುದ್ದೆಗೆ ಹೈಕಮಿಷನರ್ ಎಂದು ಹೆಸರು. ಒಂದೊಂದು ಊರಿನಲ್ಲಿ ಸುಮಾರು ಮೂರು ವರ್ಷ, ಕಷ್ಟದ ಊರುಗಳಲ್ಲಿ ಎರಡು. ನಡುನಡುವೆ ದಿಲ್ಲಿಯಲ್ಲಿ ಅಧೀನ ಕಾರ್ಯದರ್ಶಿ, ಉಪಕಾರ್ಯದರ್ಶಿ, ನಿರ್ದೇಶಕ, ಜಂಟಿ ಕಾರ್ಯದರ್ಶಿ.

ಈ ಕೆಲಸದ ಮುಕ್ಕಾಲು ಪಾಲು ಬರವಣಿಗೆ. ಆತಿಥೇಯ ದೇಶದ ಸಚಿವಾಲಯಕ್ಕೆ ಹೋಗುವ ನೋಟ್ ವರ್ಬಾಲ್ ಎಂಬ ಪತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ನಾನು, ನಾವು ಎಂಬ ಮಾತೇ ಬರಕೂಡದು. ಭಾರತದ ರಾಯಭಾರ ಕಚೇರಿ ವಿದೇಶಾಂಗ ಸಚಿವಾಲಯಕ್ಕೆ ವಂದನೆ ಸಲ್ಲಿಸುತ್ತಾ ತಿಳಿಸುವ ಗೌರವ ಹೊಂದಿದೆ ಎಂದು ಶುರು, ಅತ್ಯುನ್ನತ ಗೌರವದ ಭರವಸೆಯನ್ನು ನವೀಕರಿಸುವ ಮಾತಿನಿಂದ ಕೊನೆ. ಪೂರ್ತಿ ಸಹಿ ಇಲ್ಲ, ಸಂಕ್ಷಿಪ್ತ ಸಹಿ ಮತ್ತು ಕಚೇರಿಯ ಮೊಹರು ಮಾತ್ರ. ಸಂಬಂಧ ಕೆಟ್ಟಿರುವಾಗಲೂ ವಂದನೆಯ ಸಾಲು ಹಾಗೇ ಇರುತ್ತದೆ. ಅದನ್ನು ಬಿಟ್ಟರೆ ಬೇಕೆಂದೇ ಬಿಟ್ಟದ್ದೆಂದು ಎದುರಿನವರು ಓದುತ್ತಾರೆ.

ದಿಲ್ಲಿಗೆ ಕಳಿಸುವ ವರದಿಯಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಕೇಳಿದ್ದನ್ನೂ ತಮ್ಮ ಅಂದಾಜನ್ನೂ ಬೆರೆಸುವುದು. ಅವರು ಹೇಳಿದ್ದು ಒಂದು ಪ್ಯಾರಾ, ನಾವು ಹೇಳಿದ್ದು ಒಂದು, ನಮ್ಮ ಅಂದಾಜು ಬೇರೆಯೇ ಒಂದು. ದಿಲ್ಲಿಯಲ್ಲಿ ಓದುವವರು ಮೊದಲೆರಡರ ಮೇಲೆ ಮುಂದಿನ ಹೆಜ್ಜೆ ಇಡುತ್ತಾರೆ, ಮೂರನೆಯದನ್ನು ಒಪ್ಪಬಹುದು, ಬಿಡಬಹುದು. ಬೆರೆಸಿದರೆ ನಿಮ್ಮ ಊಹೆ ಆ ದೇಶದ ಮಂತ್ರಿಯ ಮಾತಾಗಿ ಕಡತ ಸೇರುತ್ತದೆ. ಇದನ್ನು ಕಾಲೇಜಿನಲ್ಲೇ ರೂಢಿಸಿಕೊಳ್ಳಬಹುದು: ಗ್ರಾಮಸಭೆಗೋ ಕೃಷಿಕರ ಸಹಕಾರಿ ಸಂಘದ ಸಭೆಗೋ ಹೋಗಿ ಬಂದು ಒಂದೇ ಪುಟದಲ್ಲಿ, ಮೂರು ಪ್ಯಾರಾದಲ್ಲಿ, ಇಂಗ್ಲಿಷಿನಲ್ಲಿ ಬರೆಯಿರಿ.

ಹೊರದೇಶದಲ್ಲಿರುವ ನಮ್ಮವರ ಕಾಗದಪತ್ರ, ಕಷ್ಟ ನೋಡುವ ಕಾನ್ಸುಲರ್ ವಿಭಾಗವನ್ನು ಕಾಸರಗೋಡಿನವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಗಲ್ಫ್‌ನಲ್ಲಿ ಒಬ್ಬರು ತೀರಿಹೋದರೆ ದೇಹ ಊರಿಗೆ ತರಲು ಯಾರ ಕಾಲು ಹಿಡಿಯಬೇಕೆಂದು ಊರಿನವರಿಗೆ ಗೊತ್ತು. ಮೇಜಿನ ಈಚೆ ಕೂತ ಅಧಿಕಾರಿಯ ಕಡೆಯಿಂದ ಅದು ಹೀಗೆ ಕಾಣುತ್ತದೆ. ಆಸ್ಪತ್ರೆಯ ವರದಿ ಅಥವಾ ಮರಣ ಪ್ರಮಾಣಪತ್ರ, ಅಪಘಾತವೋ ಅಸಹಜ ಸಾವೋ ಆದರೆ ಪೊಲೀಸ್ ವರದಿ ಮತ್ತು ಅದರ ಇಂಗ್ಲಿಷ್ ಅನುವಾದ, ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಪ್ರತಿ, ಹತ್ತಿರದ ಸಂಬಂಧಿಯ ನೋಟರಿ ದೃಢೀಕರಿಸಿದ ಒಪ್ಪಿಗೆ ಪತ್ರ, ದೇಹ ಕೆಡದಂತೆ ಮದ್ದು ಹಾಕಿದ್ದಕ್ಕೆ ಪ್ರಮಾಣಪತ್ರ, ಆ ದೇಶದ ವಲಸೆ ಮತ್ತು ಕಸ್ಟಮ್ಸ್ ಅನುಮತಿ. ಇಷ್ಟು ಸೇರಿದರೆ ಕಚೇರಿ ಸಾವನ್ನು ನೋಂದಾಯಿಸಿ, ಪಾಸ್‌ಪೋರ್ಟ್ ರದ್ದುಮಾಡಿ, ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಸಹಜ ಸಾವಿನಲ್ಲಿ ಇದು ಬೇಗ ಮುಗಿಯುತ್ತದೆ, ಪೊಲೀಸ್ ತನಿಖೆ ಇದ್ದರೆ ವಾರಗಟ್ಟಲೆ ಎಳೆಯುತ್ತದೆ. ತಡೆ ಬೀಳುವುದು ಗೊತ್ತಿರುವ ಜಾಗಗಳಲ್ಲೇ: ಒಪ್ಪಿಗೆ ಪತ್ರದ ಹೆಸರು ಪಾಸ್‌ಪೋರ್ಟ್‌ಗೆ ಹೊಂದದಿರುವುದು, ಮನೆಯಲ್ಲಿ ಇಬ್ಬರು ಬೇರೆ ಬೇರೆ ಪತ್ರ ಕಳಿಸುವುದು, ಓಡಿಹೋಗಿದ್ದಾನೆಂದು ಮಾಲಕ ಮೊದಲೇ ದೂರು ಕೊಟ್ಟಿರುವುದು. ಖರ್ಚು ಕೊಡುವವರು ಯಾರೂ ಇಲ್ಲದಿದ್ದರೆ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಭರಿಸಲು ಅವಕಾಶ ಇದೆ. ಬಳಸಬಹುದೆಂದು ಕಡತದಲ್ಲಿ ಬರೆದು ಮೇಲಿನವರ ಒಪ್ಪಿಗೆ ಪಡೆಯುವ ಕೆಲಸ ಆ ಕಿರಿಯ ಅಧಿಕಾರಿಯದೇ. ಕಾನ್ಸುಲರ್ ಮೇಜನ್ನು ಕೀಳೆಂದು ನೋಡುವವರು ಈ ಸೇವೆಯಲ್ಲೂ ಇದ್ದಾರೆ. ಮುಂದೆ ಯುದ್ಧದ ನಡುವೆ ಜನರನ್ನು ತೆರವುಗೊಳಿಸುವ ಕೆಲಸ ಮೈಮೇಲೆ ಬಿದ್ದಾಗ, 2015ರಲ್ಲಿ ಯೆಮನ್‌ನಿಂದಲೋ 2023ರಲ್ಲಿ ಸುಡಾನ್‌ನಿಂದಲೋ ಕರೆತಂದ ಹಾಗೆ, ಕೈಗೆ ಬರುವುದು ಈ ಮೇಜಿನಲ್ಲಿ ಕಲಿತ ಪಟ್ಟಿ ಮಾಡುವ ವಿದ್ಯೆಯೇ.

ರಾಯಭಾರಿಯಾಗುವ ಹಂತ

ಚಿಕ್ಕ ದೇಶಗಳ ಕಚೇರಿಗೆ ಕಡಿಮೆ ಹಿರಿತನದವರೂ ಮುಖ್ಯಸ್ಥರಾಗಬಹುದು. ದೊಡ್ಡ ರಾಜಧಾನಿಗಳಿಗೆ ಹೆಚ್ಚುವರಿ ಕಾರ್ಯದರ್ಶಿ, ಕಾರ್ಯದರ್ಶಿ ದರ್ಜೆಯವರೇ ಹೋಗುವುದು. ನಿವೃತ್ತಿ 60ಕ್ಕೆ. 30 ದಾಟಿ ಸೇವೆಗೆ ಸೇರಿದವರಿಗೆ ಮೇಲಿನ ಹುದ್ದೆಗಳಲ್ಲಿ ಕಡಿಮೆ ವರ್ಷ ಉಳಿಯುತ್ತದೆ, ಇದನ್ನು ಲೆಕ್ಕ ಹಾಕಿಕೊಂಡೇ ಹೊರಡಿ.

ಹೆಸರು ದಿಲ್ಲಿಯಲ್ಲಿ ಗಟ್ಟಿಯಾದ ಮೇಲೆ ಆ ದೇಶದ ಒಪ್ಪಿಗೆಯನ್ನು ಗುಟ್ಟಾಗಿ ಕೇಳುತ್ತಾರೆ. ರಾಜತಾಂತ್ರಿಕ ಸಂಬಂಧಗಳ 1961ರ ವಿಯೆನ್ನಾ ಒಡಂಬಡಿಕೆಯ 4ನೇ ವಿಧಿ ಇದನ್ನು ಹೇಳುತ್ತದೆ, ಬೇಡ ಎನ್ನುವವರು ಕಾರಣ ಕೊಡಬೇಕಿಲ್ಲ. ಒಪ್ಪಿಗೆ ಬರುವ ಮೊದಲು ಹೆಸರು ಬಯಲಾದರೆ ಇಬ್ಬರಿಗೂ ಮುಜುಗರ. 2015ರಲ್ಲಿ ಇಸ್ರೇಲ್ ದಾನಿ ದಯಾನ್ ಅವರ ಹೆಸರನ್ನು ಬ್ರೆಜಿಲ್‌ಗೆ ಪ್ರಕಟಿಸಿತು, ಬ್ರೆಜಿಲ್ ಒಪ್ಪಿಗೆಯನ್ನೇ ಕೊಡಲಿಲ್ಲ. ಕೊನೆಗೆ ಅವರನ್ನು ನ್ಯೂಯಾರ್ಕಿಗೆ ಕಾನ್ಸುಲ್ ಜನರಲ್ ಆಗಿ ಕಳಿಸಬೇಕಾಯಿತು.

ಒಪ್ಪಿಗೆ ಬಂದ ಮೇಲೆ ರಾಷ್ಟ್ರಪತಿಗಳು ಸಹಿ ಹಾಕಿದ ಅಧಿಕಾರ ಪತ್ರ ಸಿದ್ಧವಾಗುತ್ತದೆ. ಹಿಂದಿನವರನ್ನು ವಾಪಸು ಕರೆಸಿಕೊಂಡ ಪತ್ರವೂ ಜೊತೆಗೆ. ಅಲ್ಲಿಗೆ ಹೋಗಿ ಮೊದಲು ಪ್ರತಿಯನ್ನು ಸಚಿವಾಲಯಕ್ಕೆ ಕೊಡುವುದು, ಬಳಿಕ ಗೊತ್ತಾದ ದಿನ ಮೂಲವನ್ನು ಆ ದೇಶದ ಮುಖ್ಯಸ್ಥರ ಕೈಗೆ ಒಪ್ಪಿಸುವುದು. ಸಮಾರಂಭಗಳಲ್ಲಿ ಯಾರು ಮೊದಲು ನಿಲ್ಲಬೇಕೆಂಬುದು ಅಧಿಕಾರ ವಹಿಸಿಕೊಂಡ ದಿನಾಂಕ ಮತ್ತು ಹೊತ್ತಿನ ಮೇಲೆ ನಿಂತಿದೆ. ದೇಶ ದೊಡ್ಡದಿರಲಿ ಚಿಕ್ಕದಿರಲಿ, ಮೊದಲು ಬಂದವರು ಮುಂದೆ.

ರಾಜತಾಂತ್ರಿಕ ರಕ್ಷಣೆಯ ಬಗ್ಗೆ ಊರಲ್ಲಿ ದೊಡ್ಡ ಕಲ್ಪನೆಗಳಿವೆ. ಅದೇ 1961ರ ಒಡಂಬಡಿಕೆಯ 29ನೇ ವಿಧಿ ಬಂಧನದಿಂದ ರಕ್ಷಿಸುತ್ತದೆ ನಿಜ. ಅದರ ಜೊತೆಗೇ 41ನೇ ವಿಧಿ ಆ ದೇಶದ ಕಾನೂನನ್ನು ಗೌರವಿಸಬೇಕೆನ್ನುತ್ತದೆ, 9ನೇ ವಿಧಿ ಕಾರಣ ಹೇಳದೆಯೇ ಹೊರಗೆ ಕಳಿಸುವ ಹಕ್ಕನ್ನು ಆ ದೇಶಕ್ಕೆ ಕೊಡುತ್ತದೆ. ಕಾನ್ಸುಲೇಟಿನವರಿಗೆ 1963ರ ಬೇರೆ ಒಡಂಬಡಿಕೆ, ರಕ್ಷಣೆ ಬಹಳ ಕಡಿಮೆ. 2013ರಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ಉಪ ಕಾನ್ಸುಲ್ ಜನರಲ್ ಬಂಧನವಾದಾಗ ಇಡೀ ವಾದ ಇದರ ಮೇಲೆಯೇ ನಡೆಯಿತು. ಮನೆಕೆಲಸದವರ ವೇತನ ಮತ್ತು ವೀಸಾ ಕಾಗದಗಳು ಆ ದೇಶದ ಕಾನೂನಿಗೆ ಹೊಂದಿವೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು ಎಂಬ ಪಾಠ ಅಲ್ಲಿದೆ.

ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ಮನೆಗಳಿಗೆ ಒಂದು ಮಾತು. ಕೊಡಗಿನ ಸಿ. ಬಿ. ಮುತ್ತಮ್ಮ 1949ರಲ್ಲೇ ಈ ಸೇವೆಗೆ ಸೇರಿ, 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಮದುವೆಗೆ ಸರಕಾರದ ಅನುಮತಿ ಬೇಕೆಂದು ಮಹಿಳಾ ಅಧಿಕಾರಿಗಳಿಗೆ ಮಾತ್ರ ಇದ್ದ ನಿಯಮವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಆ ತಾರತಮ್ಯವನ್ನು ಖಾರವಾಗಿ ಖಂಡಿಸಿತು. ಈಗಿನ ಕಷ್ಟ ನಿಯಮಗಳದ್ದಲ್ಲ. ಮೂರು ವರ್ಷಕ್ಕೊಮ್ಮೆ ಮಕ್ಕಳ ಶಾಲೆ ಬದಲು, ಗಂಡನೋ ಹೆಂಡತಿಯೋ ನೌಕರಿ ಬಿಡಬೇಕಾದ ಸಂದರ್ಭ, ಊರಲ್ಲಿ ಒಂಟಿಯಾಗುವ ಅಪ್ಪ ಅಮ್ಮ. ಇದು ಗಂಡಸರಿಗೂ ಅಷ್ಟೇ ಬರುವ ಕಷ್ಟ.

ರ‍್ಯಾಂಕ್ ಸಿಗದಿದ್ದರೆ

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ನಡೆಸುವ ಪದವಿ ಮಟ್ಟದ ಸಂಯುಕ್ತ ಪರೀಕ್ಷೆಯಲ್ಲಿ ವಿದೇಶಾಂಗ ಸಚಿವಾಲಯದ ಸಹಾಯಕ ವಿಭಾಗಾಧಿಕಾರಿ ಎಂಬ ಹುದ್ದೆ ಇದೆ. ವಯಸ್ಸು 20ರಿಂದ 30, ಮೂಲವೇತನ 44,900 ರೂಪಾಯಿ. ಇವರೂ ಹೊರದೇಶದ ಕಚೇರಿಗಳಿಗೆ ಹೋಗುತ್ತಾರೆ, ಲೆಕ್ಕಪತ್ರ, ಆಡಳಿತ, ವೀಸಾ, ಪಾಸ್‌ಪೋರ್ಟ್ ಕೆಲಸ ನೋಡುತ್ತಾರೆ, ಬಡ್ತಿಯಲ್ಲಿ ಮೇಲೇರುತ್ತಾರೆ. ಹುದ್ದೆ ಹಂಚಿಕೆ ಅಂಕ ಮತ್ತು ಆದ್ಯತೆಯ ಮೇಲೆ ನಡೆಯುವುದರಿಂದ ಆದ್ಯತಾ ಪಟ್ಟಿಯಲ್ಲಿ ಇದನ್ನು ಮೊದಲಿಗೆ ಬರೆಯಬೇಕು. ಯುಪಿಎಸ್‌ಸಿ ಓದಿನ ಜೊತೆಗೆ ಈ ಪರೀಕ್ಷೆಗೆ ಬೇಕಾಗುವುದು ಗಣಿತ ಮತ್ತು ಇಂಗ್ಲಿಷ್ ವ್ಯಾಕರಣದ ವೇಗ ಮಾತ್ರ. ಸಿಸ್ಯಾಟ್‌ಗೆಂದು ಮಾಡಿದ ಅಭ್ಯಾಸದ ದೊಡ್ಡ ಪಾಲು ಇಲ್ಲಿಗೂ ನಡೆಯುತ್ತದೆ. 30 ತುಂಬುವ ಮೊದಲು ಎರಡನ್ನೂ ಒಂದೇ ವರ್ಷ ಬರೆಯಲು ಅಡ್ಡಿಯಿಲ್ಲ.